ಕಟ್ಟೆಯ ಮಟ್ಟ ನೋಡಿ ಹೊರಡುವ ತಿರುಗಾಟ

ಮೈಸೂರಿನಲ್ಲಿ ಮನೆ ಮಾಡಿಕೊಂಡವರಿಗೆ ದಸರೆಯಲ್ಲೂ ಬೇಸಿಗೆ ರಜೆಯಲ್ಲೂ ತಪ್ಪದೆ ಎದುರಾಗುವ ಪ್ರಶ್ನೆಯೊಂದಿದೆ. ಅರಮನೆಯನ್ನೂ ಮೃಗಾಲಯವನ್ನೂ ನೋಡಿ ಮುಗಿಸಿದ ನೆಂಟರು ಮರುದಿನ, ‘ಕಾಡು, ಬೆಟ್ಟ, ನೀರು ಅಂತ ಎಲ್ಲಿಗಾದರೂ ಕರೆದುಕೊಂಡು ಹೋಗಿ’ ಎನ್ನುತ್ತಾರೆ. ಅಷ್ಟು ಹೊತ್ತಿಗಾಗಲೇ ಅವರ ಫೋನಿನಲ್ಲಿ ನೋಡಲೇಬೇಕಾದ ಸ್ಥಳಗಳ ಪಟ್ಟಿಯೂ ಸಿದ್ಧವಾಗಿರುತ್ತದೆ. ಆ ಪಟ್ಟಿಯಲ್ಲಿರುವ ಹೆಸರುಗಳೆಲ್ಲ ಸರಿಯಾದವೇ; ಆದರೆ ಯಾವ ಸ್ಥಳಕ್ಕೆ ಯಾವ ತಿಂಗಳು ಹೋಗಬೇಕೆಂಬುದು ಅದರಲ್ಲಿ ಇರುವುದಿಲ್ಲ. ಏಪ್ರಿಲ್‌ನಲ್ಲಿ ಗಗನಚುಕ್ಕಿಗೆ ಹೋದವರು ಒಣಗಿದ ಕರಿಬಂಡೆಯ ಮೇಲೆ ಇಳಿಯುವ ನಾಲ್ಕು ಬಿಳಿ ಎಳೆಗಳನ್ನು ನೋಡಿ ಹಿಂದಿರುಗುತ್ತಾರೆ. ಆಗಸ್ಟ್‌ನಲ್ಲಿ ರಂಗನತಿಟ್ಟಿಗೆ ಹೋದವರು, ನದಿ ತುಂಬಿ ಹರಿಯುತ್ತಿರುವ ಕಾರಣ ದೋಣಿ ವಿಹಾರವಿಲ್ಲ ಎಂಬ ಸೂಚನೆಯನ್ನು ಓದಿಕೊಂಡು ದಡದಲ್ಲೇ ನಿಲ್ಲುತ್ತಾರೆ. ಎರಡೂ ಕಡೆ ಸ್ಥಳದ ದೋಷವೇನೂ ಇಲ್ಲ.

ಹಾಗಾಗಿ ನೆಂಟರಿಗೆ ಉತ್ತರ ಹೇಳುವ ಮುನ್ನ ನಾನು ಪತ್ರಿಕೆಯ ಒಳಪುಟದ ಮೂಲೆಯಲ್ಲಿ ಅಚ್ಚಾಗುವ ಜಲಾಶಯಗಳ ಪಟ್ಟಿಯನ್ನು ನೋಡುತ್ತೇನೆ. ಗರಿಷ್ಠ ಮಟ್ಟ, ಇಂದಿನ ಮಟ್ಟ, ಒಳಹರಿವು, ಹೊರಹರಿವು ಎಂಬ ನಾಲ್ಕು ಅಂಕಣಗಳ ಆ ಪಟ್ಟಿಯನ್ನು ಮಂಡ್ಯದ ರೈತರು ಭತ್ತದ ನಾಟಿಗಾಗಿ, ಕಬ್ಬಿನ ನೀರಿನ ಸರದಿಗಾಗಿ ಓದುತ್ತಾರೆ. ತಿರುಗಾಟಕ್ಕೆ ಹೊರಡುವವರಿಗೂ ಅದು ಅಷ್ಟೇ ಉಪಯುಕ್ತ. ಕನ್ನಂಬಾಡಿ ಕಟ್ಟೆಯ, ಅಂದರೆ ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ. ಎಚ್.ಡಿ. ಕೋಟೆ ಸೀಮೆಯ ಬೀಚನಹಳ್ಳಿಯಲ್ಲಿರುವ ಕಬಿನಿ ಜಲಾಶಯದ ಲೆಕ್ಕ ಸಮುದ್ರಮಟ್ಟದಿಂದ ಮೇಲಕ್ಕೆ. ಅಲ್ಲಿ 2,284 ಅಡಿ ಎಂದರೆ ತುಂಬಿದಂತೆ. ಹೊರಹರಿವನ್ನು ಅಳೆಯುವ ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್ ನೀರು. ಹೊರಹರಿವಿನ ಅಂಕಣದಲ್ಲಿ ಮೂರಂಕಿಯ ಸಂಖ್ಯೆಯಿದ್ದರೆ ಒಂದು ಬಗೆಯ ಪ್ರವಾಸ, ಐದಂಕಿಯಿದ್ದರೆ ಬೇರೆಯದೇ ಬಗೆಯ ಪ್ರವಾಸ. ಕ್ಯಾಲೆಂಡರನ್ನು ಮಾತ್ರ ನಂಬುವಂತಿಲ್ಲ ಎನ್ನುವುದಕ್ಕೆ ಇತ್ತೀಚಿನ ವರ್ಷಗಳೇ ಸಾಕ್ಷಿ: 2023ರಲ್ಲಿ ಮುಂಗಾರು ಕೈಕೊಟ್ಟು ಕನ್ನಂಬಾಡಿ ತುಂಬಲೇ ಇಲ್ಲ, 2025ರಲ್ಲಿ ಜೂನ್ ತಿಂಗಳು ಮುಗಿಯುವುದರೊಳಗೆ ತುಂಬಿ, ಮುಖ್ಯಮಂತ್ರಿಗಳು ಬಾಗಿನ ಅರ್ಪಿಸಿದ್ದೂ ಆಯಿತು.

ಮಳೆಗಾಲದ ಮಾತನ್ನು ಮೊದಲು ಹೇಳಬೇಕು, ಏಕೆಂದರೆ ಅತಿ ಹೆಚ್ಚು ಜನ ಬರುವುದೂ ಅತಿ ಹೆಚ್ಚು ಅನಾಹುತಗಳಾಗುವುದೂ ಆಗಲೇ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದ ಬಳಿ ಕಾವೇರಿ ಎರಡಾಗಿ ಒಡೆದು, ಒಂದು ಕವಲು ಮಂಡ್ಯ ಜಿಲ್ಲೆಯ ಕಡೆಗೆ ಗಗನಚುಕ್ಕಿಯಾಗಿಯೂ ಇನ್ನೊಂದು ಚಾಮರಾಜನಗರ ಜಿಲ್ಲೆಯ ಕಡೆಗೆ ಭರಚುಕ್ಕಿಯಾಗಿಯೂ ಧುಮುಕುತ್ತದೆ. ಜಲಪಾತಕ್ಕಿಂತ ಮೇಲೆಯೇ ನದಿಯ ನೀರನ್ನು ನಾಲೆಗೆ ತಿರುಗಿಸಿ ವಿದ್ಯುತ್ ಉತ್ಪಾದಿಸುವ ವ್ಯವಸ್ಥೆ ಅಲ್ಲಿ 1902ರಿಂದ ಇದೆ. ಅಂದು ಇಲ್ಲಿಂದ ಹೊರಟ ವಿದ್ಯುತ್ತು ಮೊದಲು ತಲುಪಿದ್ದು ಕೋಲಾರದ ಚಿನ್ನದ ಗಣಿಗಳನ್ನು. ನದಿಯಲ್ಲಿ ನೀರು ಕಡಿಮೆಯಿದ್ದಾಗ ನಾಲೆಯ ಪಾಲು ಹೋಗಿ ಬಂಡೆಯ ಪಾಲಿಗೆ ಉಳಿಯುವುದು ಅಲ್ಪ. ಬೇಸಿಗೆಯ ಜಲಪಾತ ಸೊರಗಿ ಕಾಣುವುದಕ್ಕೆ ಮಳೆಯ ಅಭಾವದ ಜೊತೆಗೆ ಇದೂ ಒಂದು ಕಾರಣ.

ಗಗನಚುಕ್ಕಿಗೆ ಹೊರಡುವವರು ಸಾಮಾನ್ಯವಾಗಿ ಕನ್ನಂಬಾಡಿಯ ಮಟ್ಟವನ್ನಷ್ಟೇ ಕೇಳುತ್ತಾರೆ. ಆದರೆ ತಿರುಮಕೂಡಲು ನರಸೀಪುರದಲ್ಲಿ ಕಬಿನಿಯೂ ಕಾವೇರಿಯನ್ನು ಸೇರಿಕೊಳ್ಳುವುದರಿಂದ, ಶಿವನಸಮುದ್ರಕ್ಕೆ ಬರುವ ನೀರು ಎರಡೂ ಜಲಾಶಯಗಳದು. ಕಬಿನಿಯ ಜಲಾಶಯ ಚಿಕ್ಕದು. ಕನ್ನಂಬಾಡಿಯಲ್ಲಿ 49 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ ನೀರು) ಹಿಡಿದರೆ ಕಬಿನಿಯಲ್ಲಿ ಹಿಡಿಯುವುದು ಇಪ್ಪತ್ತಕ್ಕೂ ಕಡಿಮೆ. ವಯನಾಡಿನಲ್ಲಿ ಮುಂಗಾರು ಜೋರಾದ ಕೆಲವೇ ದಿನಗಳಲ್ಲಿ ಅದು ಭರ್ತಿಯಾಗಿ, ರಾಜ್ಯದ ಉಳಿದ ದೊಡ್ಡ ಜಲಾಶಯಗಳಿಗಿಂತ ಮೊದಲೇ ಅಲ್ಲಿಂದ ನೀರು ಹೊರಬಿಡುವುದು ವಾಡಿಕೆ. ಆದ್ದರಿಂದ ಕನ್ನಂಬಾಡಿ ಇನ್ನೂ ಅರ್ಧ ತುಂಬಿರುವಾಗಲೇ ಕಬಿನಿಯ ಹೊರಹರಿವು ಏರಿದೆಯೆಂದು ಪತ್ರಿಕೆಯಲ್ಲಿ ಕಂಡರೆ, ಜನಜಂಗುಳಿಯಿಲ್ಲದ ವಾರದ ದಿನವೊಂದನ್ನು ಆರಿಸಿಕೊಂಡು ಮಳವಳ್ಳಿಯ ದಾರಿ ಹಿಡಿಯಬಹುದು. ಕಟ್ಟೆ ತುಂಬಿದ ಸುದ್ದಿ ಟಿವಿಯಲ್ಲಿ ಬಂದ ಮೇಲಿನ ಭಾನುವಾರ ಹೋದರೆ, ಜಲಪಾತಕ್ಕಿಂತ ಹೆಚ್ಚು ಹೊತ್ತು ಮುಂದಿನ ಕಾರಿನ ಹಿಂಬದಿಯನ್ನು ನೋಡಬೇಕಾಗುತ್ತದೆ. ಗಗನಚುಕ್ಕಿಯನ್ನು ವೀಕ್ಷಣಾ ಗೋಪುರದಿಂದ ದೂರದಲ್ಲೇ ನೋಡಬೇಕು, ಅದರ ಅಂದವೂ ಅಲ್ಲಿಂದಲೇ. ಸಮೀಪದಿಂದ ಚಿತ್ರ ತೆಗೆಯುವ ಆಸೆಗೆ ಬೇಲಿ ದಾಟಿ ಬಂಡೆಗಳಿಗೆ ಇಳಿಯುವವರಿಗೆ, ಮೇಲಿನಿಂದ ನೀರಿನ ಪ್ರಮಾಣ ಯಾವ ಕ್ಷಣದಲ್ಲಿ ಹೆಚ್ಚೀತೆಂಬ ಕಲ್ಪನೆಯೇ ಇರುವುದಿಲ್ಲ.

ಬಲಮುರಿ, ಎಡಮುರಿಗಳ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಕಟುವಾದದ್ದು. ಕನ್ನಂಬಾಡಿಯಿಂದ ಕೆಳಗೆ ಕಾವೇರಿಗೆ ಅಡ್ಡಲಾಗಿ ಕಟ್ಟಿರುವ ಹಳೆಯ ಅಣೆಗಳ ಮೇಲೆ ನೀರು ಹಾಲಿನಂತೆ ಜಾರುವ ಆ ದೃಶ್ಯ ಎಷ್ಟೋ ಸಿನಿಮಾ ಹಾಡುಗಳಲ್ಲಿ ಬಂದಿರುವುದರಿಂದ ಎಲ್ಲರಿಗೂ ಪರಿಚಿತ; ಮೊಣಕಾಲುದ್ದ ನೀರಿನಲ್ಲಿ ಮಕ್ಕಳು ಆಡುವುದನ್ನು ನೋಡಿದವರಿಗೆ ಅದು ನಿರಪಾಯಕರವಾಗಿಯೂ ತೋರುತ್ತದೆ. ಆದರೆ ಅಣೆಯ ಮೇಲಿನಿಂದ ಬಿದ್ದ ನೀರು ಬುಡದಲ್ಲಿ ತಳಕ್ಕೆ ಹೋಗಿ, ಸುತ್ತಿಕೊಂಡು, ಮತ್ತೆ ಅಣೆಯ ಕಡೆಗೇ ತಿರುಗಿ ಬರುತ್ತದೆ. ಆ ತಿರುಗಣೆಗೆ ಸಿಕ್ಕಿದವನು ದಡದ ಕಡೆಗೆ ಈಜಿದಷ್ಟೂ ನೀರು ಅವನನ್ನು ಗೋಡೆಯ ಬುಡಕ್ಕೇ ಎಳೆಯುತ್ತಿರುತ್ತದೆ. ಮೇಲಿನಿಂದ ನೋಡುವವರಿಗೆ ಒಂದಿಷ್ಟು ಬಿಳಿ ನೊರೆ ಕಾಣುತ್ತದೆ, ಅಷ್ಟೇ. ಇದರ ಜೊತೆಗೆ ಪಾಚಿಗಟ್ಟಿದ ಕಲ್ಲು, ನದಿಯ ತಳದಲ್ಲಿ ಕಾಣದಿರುವ ಗುಂಡಿಗಳು, ಮೇಲಿನ ಕಟ್ಟೆಯಿಂದ ನೀರು ಬಿಟ್ಟಾಗ ನೋಡನೋಡುತ್ತಿದ್ದಂತೆ ಏರುವ ಹರಿವು. ಈಜು ಬಲ್ಲವರೇ ಇಲ್ಲಿ ಜೀವ ಕಳೆದುಕೊಂಡಿರುವುದು ಈ ಕಾರಣಗಳಿಂದ. ಹೊರಹರಿವು ಏರಿರುವ ದಿನಗಳಲ್ಲಿ ಪೊಲೀಸರು ಇಲ್ಲಿಗೆ ಪ್ರವೇಶವನ್ನೇ ನಿರ್ಬಂಧಿಸುತ್ತಾರೆ. ನಿರ್ಬಂಧವಿಲ್ಲದ ದಿನವೂ ನಾನು ನೆಂಟರನ್ನು ದಡದ ಮರದ ನೆರಳಿಗೆ ಕರೆದೊಯ್ಯುತ್ತೇನೆಯೇ ಹೊರತು ನೀರಿಗಲ್ಲ. ಅವರಿಗೆ ಬೇಸರವಾಗುತ್ತದೆ, ಆಗಲಿ.

ರಂಗನತಿಟ್ಟಿನ ಕಾಲ ಇದಕ್ಕೆ ತಿರುಗುಮುರುಗು. ನದಿ ಶಾಂತವಾಗಿ ದೋಣಿ ಸಾಗುವಷ್ಟು ನೀರಿರಬೇಕು, ತಿಟ್ಟುಗಳು ಮುಳುಗದಷ್ಟು ಕಡಿಮೆಯಿರಬೇಕು. 17ನೇ ಶತಮಾನದ ನಡುಭಾಗದಲ್ಲಿ ಕಂಠೀರವ ನರಸರಾಜ ಒಡೆಯರ ಆಳ್ವಿಕೆಯಲ್ಲಿ ಕಾವೇರಿಗೆ ಅಣೆ ಕಟ್ಟಿದ್ದರಿಂದ ರೂಪುಗೊಂಡ ಈ ನಡುಗಡ್ಡೆಗಳ ಮಹತ್ವವನ್ನು 1940ರಲ್ಲಿ ಗುರುತಿಸಿ, ಇವನ್ನು ಪಕ್ಷಿಗಳಿಗೆ ಮೀಸಲಿಡುವಂತೆ ಮೈಸೂರಿನ ಮಹಾರಾಜರ ಮನವೊಲಿಸಿದವರು ಪಕ್ಷಿತಜ್ಞ ಸಲೀಂ ಅಲಿ. 2022ರಲ್ಲಿ ಇದು ಕರ್ನಾಟಕದ ಮೊದಲ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವಾಯಿತು. ಇಷ್ಟೆಲ್ಲ ಖ್ಯಾತಿಯಿರುವ ಈ ಧಾಮದ ವಿಸ್ತೀರ್ಣ ಒಂದು ಚದರ ಕಿಲೋಮೀಟರಿಗಿಂತಲೂ ಕಡಿಮೆ ಎಂದರೆ ಹೊರಗಿನವರು ನಂಬುವುದಿಲ್ಲ.

ಅಷ್ಟು ಚಿಕ್ಕ ಜಾಗವಾದುದರಿಂದಲೇ ಇಲ್ಲಿ ಪಕ್ಷಿಗಳನ್ನು ಕಾಣಲು ಹುಡುಕಾಡಬೇಕಾಗಿಲ್ಲ. ಡಿಸೆಂಬರಿನಿಂದ ಫೆಬ್ರುವರಿಯವರೆಗೆ ವಲಸೆಯ ಹಕ್ಕಿಗಳೂ ಇರುತ್ತವೆ. ಆದರೆ ಒಂದೇ ಬಾರಿ ಬರುವವರಿಗೆ ನಾನು ಸೂಚಿಸುವುದು ಫೆಬ್ರುವರಿಯ ನಂತರದ ಗೂಡಿನ ಕಾಲವನ್ನು. ಬಣ್ಣದ ಕೊಕ್ಕರೆ, ಚಮಚದ ಕೊಕ್ಕು, ಹೆಜ್ಜಾರ್ಲೆ, ಹಾವಕ್ಕಿ, ನೀರುಕಾಗೆಗಳು ಮರಗಳ ಮೇಲೆ ಮರಿಗಳಿಗೆ ಉಣಿಸುತ್ತಿರುವಾಗ, ಕೆಳಗಿನ ಬಂಡೆಯ ಮೇಲೆ ಮೊಸಳೆಯೊಂದು ಬಾಯಿ ತೆರೆದು ಬಿಸಿಲು ಕಾಯಿಸುತ್ತಿರುತ್ತದೆ. ನೀರಿಗೆ ತೀರ ಹತ್ತಿರದ ಬರಿಬಂಡೆಯ ಮೇಲೆಯೇ ಮೊಟ್ಟೆಯಿಡುವ ನದಿ ರೀವ ಎಂಬ ಹಕ್ಕಿಗಳನ್ನು ನೋಡಿದರೆ ಹೊರಹರಿವಿನ ಅಂಕಣಕ್ಕೆ ಇನ್ನೊಂದು ಅರ್ಥವೂ ಇರುವುದು ತಿಳಿಯುತ್ತದೆ. ಬೇಸಿಗೆಯಲ್ಲಿ ಹಠಾತ್ತನೆ ನೀರು ಬಿಟ್ಟರೆ ಮೊದಲು ಕೊಚ್ಚಿಹೋಗುವುದು ಆ ಮೊಟ್ಟೆಗಳೇ. ದೋಣಿಗೆ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋಗಬೇಕು. ಹುಟ್ಟು ಹಾಕುವ ಅರಣ್ಯ ಇಲಾಖೆಯ ಸಿಬ್ಬಂದಿಗೆ ಯಾವ ತಿಟ್ಟಿನಲ್ಲಿ ಯಾವ ಗೂಡಿದೆಯೆಂಬುದು ಬಾಯಿಪಾಠ. ಅವರ ಮಾತು ಕೇಳಬೇಕೆಂದರೆ ದೋಣಿಯಲ್ಲಿರುವವರು ತಮ್ಮ ಮಾತು ನಿಲ್ಲಿಸಬೇಕು. ಮಧ್ಯಾಹ್ನದ ದೋಣಿಗಳಲ್ಲಿ ಇದು ಸಾಧ್ಯವಾದದ್ದನ್ನು ನಾನು ಕಂಡಿಲ್ಲ.

ಬೆಂಗಳೂರಿನಿಂದ ಬರುವವರು ರಂಗನತಿಟ್ಟಿಗೆ ಮೊದಲು, ಹೆದ್ದಾರಿಯ ರುದ್ರಾಕ್ಷಿಪುರದಲ್ಲಿ ಹೊರಳಿ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿಗೂ ಹೋಗಬಹುದು. ಅಲ್ಲಿ ಪಕ್ಷಿಧಾಮವೆಂದರೆ ಊರೇ. ಶಿಂಷಾ ನದಿಯ ಸಮೀಪದ ಈ ಹಳ್ಳಿಯಲ್ಲಿ ಮನೆಗಳ ಹಿತ್ತಿಲ ಹುಣಸೆಮರ, ಅತ್ತಿಮರಗಳ ಮೇಲೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುತ್ತವೆ. ಅವುಗಳ ಹಿಕ್ಕೆ ಬೆರೆತ ಮಣ್ಣು ಹೊಲಕ್ಕೆ ಗೊಬ್ಬರವಾಗುತ್ತದೆ. ಗೂಡಿರುವ ಹುಣಸೆಮರದ ಫಸಲನ್ನು ಬಿಟ್ಟುಕೊಡುವ ರೈತರಿಗೆ ಅರಣ್ಯ ಇಲಾಖೆ ಪರಿಹಾರ ನೀಡುವ ಪದ್ಧತಿಯೂ ಇಲ್ಲಿದೆ. 2007ರಲ್ಲಿ ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಡುವ ಕೆಲಸವನ್ನು ಸ್ಥಳೀಯರ ಹೆಜ್ಜಾರ್ಲೆ ಬಳಗ ಮಾಡಿಕೊಂಡು ಬಂದಿದೆ. ಜನವರಿಯಿಂದ ಏಪ್ರಿಲ್‌ವರೆಗಿನ ಅವಧಿ ಉತ್ತಮ. ಸುತ್ತಲಿನ ಕೆರೆಗಳಲ್ಲಿ ಮೀನಿಲ್ಲದ ವರ್ಷ ಹಕ್ಕಿಗಳ ಸಂಖ್ಯೆಯೂ ಇಳಿಯುವುದರಿಂದ, ಇಲ್ಲಿಯೂ ಹಿಂದಿನ ಮಳೆಗಾಲವನ್ನು ನೆನಪಿಸಿಕೊಂಡೇ ಹೋಗಬೇಕು. ಇದು ಜನ ವಾಸಿಸುವ ಬೀದಿ. ಕ್ಯಾಮೆರಾ ಮೇಲಕ್ಕೆತ್ತಿ ಯಾರದೋ ಮನೆಯ ಅಂಗಳಕ್ಕೆ ನುಗ್ಗುವ ಮುನ್ನ ಆ ಮನೆಯವರನ್ನು ಒಂದು ಮಾತು ಕೇಳುವುದು ಮರ್ಯಾದೆ.

ಬೇಸಿಗೆಯಲ್ಲಿ ಜಲಾಶಯದ ಮಟ್ಟ ಇಳಿದಷ್ಟೂ ಸೊಗಸಾಗುವ ಸ್ಥಳವೆಂದರೆ ಕಬಿನಿಯ ಹಿನ್ನೀರು. ನಾಗರಹೊಳೆ ಮತ್ತು ಬಂಡೀಪುರದ ಕಾಡುಗಳ ನಡುವೆ ಚಾಚಿಕೊಂಡಿರುವ ಈ ಹಿನ್ನೀರು ಫೆಬ್ರುವರಿಯ ನಂತರ ಹಿಂದೆ ಸರಿಯತೊಡಗಿದಂತೆ, ತೆರೆದುಕೊಂಡ ತಳದ ಮಣ್ಣಿನಲ್ಲಿ ಹಸಿರು ಹುಲ್ಲು ಮೊಳೆಯುತ್ತದೆ. ಒಳಗಾಡಿನ ಹಳ್ಳಗಳು ಬತ್ತಿ, ಮೇವು ಒಣಗಿರುವ ಆ ದಿನಗಳಲ್ಲಿ ಕರ್ನಾಟಕದ ಕಾಡುಗಳಿಂದ ಮಾತ್ರವಲ್ಲದೆ ಕೇರಳದ ವಯನಾಡಿನ ಕಡೆಯಿಂದಲೂ ಆನೆಗಳು ಇಲ್ಲಿಗೆ ಇಳಿಯುತ್ತವೆ. ಏಷ್ಯಾದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಒಂದೆಡೆ ಕಾಣಸಿಗುವ ಜಾಗಗಳು ಜಗತ್ತಿನಲ್ಲೇ ವಿರಳ. ಮುಂಗಾರುಪೂರ್ವದ ಎರಡು ಒಳ್ಳೆಯ ಮಳೆ ಬಿದ್ದರೆ ಕಾಡಿನೊಳಗೆ ಚಿಗುರು ಬಂದು ಹಿಂಡುಗಳು ಚದುರಿಹೋಗುತ್ತವೆ. ಈ ಹಿನ್ನೀರಿನ ಬದಿಯ ಕಾಕನಕೋಟೆಯಲ್ಲಿಯೇ 1971ರವರೆಗೆ ಖೆಡ್ಡಾ ನಡೆಸಿ ಕಾಡಾನೆಗಳನ್ನು ಹಿಡಿಯುತ್ತಿದ್ದರು ಎಂಬುದನ್ನು ನೆನೆದರೆ, ಅದೇ ಜಾತಿಯ ಪ್ರಾಣಿಗಳು ಇಂದು ಮರಿಗಳನ್ನು ನಡುವೆ ಬಿಟ್ಟುಕೊಂಡು ನಿರಾಳವಾಗಿ ಮೇಯುವುದನ್ನು ನೋಡುವುದೇ ಒಂದು ಸಮಾಧಾನ.

ಸಫಾರಿಗೆ ಬರುವ ಬಹುಪಾಲು ಜನರಿಗೆ ಹುಲಿಯೇ ಬೇಕು. ನಾಗರಹೊಳೆ 1999ರಿಂದ ಹುಲಿ ಯೋಜನೆಗೆ ಸೇರಿದ ಕಾಡು, ಹುಲಿಗಳು ಧಾರಾಳವಾಗಿವೆ, ಕಾಣಿಸುವುದೂ ಉಂಟು. ಆದರೆ ವಾಹನದ ಚಾಲಕನನ್ನು ಹುಲಿ ತೋರಿಸುವಂತೆ ಪೀಡಿಸುತ್ತ, ಪಕ್ಕದಲ್ಲೇ ನಿಂತ ಕಾಟಿಯನ್ನೋ, ಬೂರುಗದ ಕೊಂಬೆಯಲ್ಲಿ ಕುಳಿತ ಕೆಂಜಳಿಲನ್ನೋ ಕಣ್ಣೆತ್ತಿ ನೋಡದವರನ್ನು ಕಂಡಾಗ ನನಗೆ ಟಿಕೆಟ್ಟಿನ ಹಣದ ಬಗ್ಗೆ ಮರುಕವಾಗುತ್ತದೆ. ಹೊರಡುವ ಮುನ್ನ ಸಫಾರಿ ನಡೆಯುತ್ತಿದೆಯೇ ಎಂದು ಅರಣ್ಯ ಇಲಾಖೆಯ ಮೂಲಕವೇ ಖಚಿತಪಡಿಸಿಕೊಳ್ಳಬೇಕು. ಕಾಡಂಚಿನ ಹಳ್ಳಿಗಳಲ್ಲಿ ಹುಲಿ ದಾಳಿಗೆ ರೈತರು ಬಲಿಯಾದಾಗ, 2025ರ ನವೆಂಬರಿನಲ್ಲಿ ನಾಗರಹೊಳೆ ಮತ್ತು ಬಂಡೀಪುರಗಳೆರಡರಲ್ಲೂ ಸರ್ಕಾರ ಸಫಾರಿಯನ್ನು ನಿಲ್ಲಿಸಿತ್ತು. ರಜೆ ಹಾಳಾಯಿತೆಂದು ದೂರಿದವರ ಮಾತನ್ನು ನಾನೂ ಕೇಳಿದ್ದೇನೆ. ಹೊಲಕ್ಕೆ ಹೋದವರು ಮನೆಗೆ ಹಿಂದಿರುಗದ ಊರಿನಲ್ಲಿ ಆ ದೂರಿಗೆ ತೂಕವಿಲ್ಲ. ಇನ್ನೊಂದು ಮಾತು: ನಾಗರಹೊಳೆಯನ್ನು ಹಾದು ಮಾನಂದವಾಡಿಗೆ ಹೋಗುವ ರಸ್ತೆಯಲ್ಲಿ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಸಂಚಾರವಿಲ್ಲ. ಆ ದಾರಿಯಲ್ಲಿ ಹೋಗುವವರು ಹೊತ್ತು ನೋಡಿಕೊಂಡು ಹೊರಡಬೇಕು.

ಶಿಂಷಾ ಸಂಗಮದ ಕೆಳಗಿನ ಮುತ್ತತ್ತಿ, ಭೀಮೇಶ್ವರಿಗಳಲ್ಲಿ ಕಾವೇರಿ ಮತ್ತೆ ಕಾಡು ಹೊಕ್ಕು ಬಂಡೆಗಳ ನಡುವೆ ಹರಿಯುತ್ತದೆ. ಭೀಮೇಶ್ವರಿ ಒಂದು ಕಾಲದಲ್ಲಿ ಬಿಳಿಮೀನಿಗೆ, ಅಂದರೆ ಮಹಶೀರ್‌ಗೆ ಗಾಳ ಹಾಕಲು ದೇಶವಿದೇಶಗಳಿಂದ ಜನ ಬರುತ್ತಿದ್ದ ಜಾಗ. ಕಾವೇರಿ ಕಣಿವೆಯ ಆ ಗೂನುಬೆನ್ನಿನ ಮಹಶೀರ್ ತಳಿಯನ್ನು 2018ರಲ್ಲಿ ಅಳಿವಿನ ತೀವ್ರ ಅಂಚಿನಲ್ಲಿರುವ ಪ್ರಭೇದಗಳ ಪಟ್ಟಿಗೆ ಸೇರಿಸಲಾಗಿದೆ. ಈ ಕಾಡು ಸೇರಿರುವ ಕಾವೇರಿ ವನ್ಯಜೀವಿಧಾಮದೊಳಗೆ ಗಾಳದ ಆಟವೂ ನಿಂತಿದೆ. ನಿಂತದ್ದು ಸರಿಯೇ ಎಂಬ ಬಗ್ಗೆ ಭಿನ್ನಾಭಿಪ್ರಾಯಗಳಿವೆ. ಮೀನು ಹಿಡಿದು ಮತ್ತೆ ನೀರಿಗೇ ಬಿಡುತ್ತಿದ್ದ ಆ ಶಿಬಿರಗಳಿಂದ ಸ್ಥಳೀಯರಿಗೆ ಕೆಲಸವಿತ್ತು, ಡೈನಮೈಟ್ ಹಾಕಿ ಮೀನು ಕೊಲ್ಲುವವರ ಮೇಲೆ ಕಣ್ಣಿತ್ತು ಎಂಬ ವಾದದಲ್ಲಿ ಹುರುಳಿದೆಯೆಂದೇ ನಾನು ತಿಳಿಯುತ್ತೇನೆ. ಈಗ ಅಲ್ಲಿಗೆ ಹೋಗುವವರು ಚಳಿಗಾಲದಲ್ಲಿ, ಹೊರಹರಿವು ಇಳಿದ ಮೇಲೆ, ಲೈಫ್ ಜಾಕೆಟ್ ಕೊಡುವ ಕಡೆ ಮಾತ್ರ ಹರಿಗೋಲು ಹತ್ತಬೇಕು. ಮುತ್ತತ್ತಿಯ ನೀರಿಗೂ ಬಲಮುರಿಯ ಎಚ್ಚರಿಕೆಯೇ ಅನ್ವಯಿಸುತ್ತದೆ.

ನೀರಿನ ಹಂಗಿಲ್ಲದೆ ಹತ್ತಬಹುದಾದ ಬೆಟ್ಟಗಳೂ ಇಲ್ಲಿವೆ, ಆದರೆ ಮಲೆನಾಡಿನ ಶಿಖರಗಳನ್ನು ಕಂಡವರಿಗೆ ಇವು ಗುಡ್ಡಗಳೆನಿಸಬಹುದು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳ ಹಾದಿಯನ್ನು ಮಾಡಿಸಿದವರು 17ನೇ ಶತಮಾನದ ದೊಡ್ಡದೇವರಾಜ ಒಡೆಯರು. ದಾರಿಯಲ್ಲಿ ಸಿಗುವ ಏಕಶಿಲೆಯ ನಂದಿಯೂ ಅವರ ಕಾಲದ್ದೇ. ಬೆಳಕು ಹರಿದ ಮೇಲೆ ಹತ್ತಲು ಶುರುಮಾಡಿದರೆ ಸಾಕು, ಏಕೆಂದರೆ ಇಲ್ಲಿನ ಕುರುಚಲು ಕಾಡಿನಲ್ಲಿ ಚಿರತೆಗಳಿವೆ. ಆಷಾಢ ಶುಕ್ರವಾರಗಳಂದು ಈ ಹಾದಿ ಭಕ್ತರದು. ಹಕ್ಕಿ ನೋಡುವವರು ಬೇರೆ ದಿನ ಬರಬೇಕು. ಶ್ರೀರಂಗಪಟ್ಟಣದ ಬಳಿಯ ಕರಿಘಟ್ಟದ ಮೇಲಿನಿಂದ ಕಾವೇರಿಯ ದ್ವೀಪವೂ ಗದ್ದೆಬಯಲೂ ಒಟ್ಟಿಗೆ ಕಾಣುತ್ತವೆ. ಭತ್ತ ಹಸಿರಾಗಿರುವ ಸೆಪ್ಟೆಂಬರ್, ಅಕ್ಟೋಬರ್ ಅದಕ್ಕೆ ತಕ್ಕ ಕಾಲ, ಮಾರ್ಚ್ ನಂತರ ಅಲ್ಲಿನ ಒಣಹುಲ್ಲಿಗೆ ಬೆಂಕಿಯ ಭಯ. ಪಾಂಡವಪುರದ ಕುಂತಿಬೆಟ್ಟದಲ್ಲಿ ಬಂಡೆ ಹತ್ತುವ ಖುಷಿಯಿದೆ. ಅದನ್ನು ರಾತ್ರಿ ಚಾರಣವೆಂದು ಮಾರುವವರ ಮಾತಿಗೆ ಮರುಳಾಗದೆ, ಹಗಲಿನಲ್ಲಿ, ಬಂಡೆ ಕಾದು ಸುಡುವುದಕ್ಕೆ ಮುಂಚೆ ಹತ್ತಿ ಇಳಿಯುವುದು ಕ್ಷೇಮ. ಸುತ್ತಲಿನ ಕಬ್ಬಿನ ಗದ್ದೆಗಳಲ್ಲಿಯೇ ಚಿರತೆಗಳು ಮರಿ ಹಾಕುವ ಸೀಮೆ ಇದು.

ಇವುಗಳಲ್ಲಿ ನನಗೆ ಹೆಚ್ಚು ಪ್ರಿಯವಾದದ್ದು ಮೇಲುಕೋಟೆ. ಯೋಗನರಸಿಂಹನ ಬೆಟ್ಟಕ್ಕೆ ಬರುವ ಜನಸಂದಣಿಯಲ್ಲಿ ತೀರ ಕೆಲವರಿಗೆ ಮಾತ್ರ, ಈ ಊರನ್ನು ಸುತ್ತುವರಿದ ಕುರುಚಲು ಕಾಡು ತೋಳಗಳಿಗಾಗಿ 1974ರಲ್ಲಿ ಘೋಷಿತವಾದ ವನ್ಯಜೀವಿಧಾಮವೆಂಬುದು ಗೊತ್ತಿರುತ್ತದೆ. ತೋಳ ಕಾಣಿಸುವುದು ಅಪರೂಪ, ಅದನ್ನು ನಿರೀಕ್ಷಿಸಿಕೊಂಡು ಹೋಗಬಾರದು. ಆದರೆ ಹಿಂಗಾರಿನ ಮಳೆ ಮುಗಿದ ನವೆಂಬರ್, ಡಿಸೆಂಬರಿನಲ್ಲಿ ಕಲ್ಯಾಣಿಯಿಂದ ಅಕ್ಕ-ತಂಗಿ ಕೊಳಗಳ ಕಡೆಗೆ, ಅಲ್ಲಿಂದ ಧನುಷ್ಕೋಟಿಯ ಬಂಡೆಗಳವರೆಗೆ ನಡೆದರೆ, ಕೊಳಗಳಲ್ಲಿ ನೀರೂ ಹುಲ್ಲಿನಲ್ಲಿ ಹಸಿರೂ ಗಾಳಿಯಲ್ಲಿ ತಂಪೂ ಒಟ್ಟಿಗೆ ಸಿಗುತ್ತವೆ. ವೈರಮುಡಿಯ ಉತ್ಸವ ನಡೆಯುವ ಮಾರ್ಚ್, ಏಪ್ರಿಲ್ ಹೊತ್ತಿಗೆ ಈ ಮೂರೂ ಇರುವುದಿಲ್ಲ, ವಾಹನ ನಿಲ್ಲಿಸಲು ಜಾಗವೂ ಇರುವುದಿಲ್ಲ. ಹಿಂದಿರುಗುವಾಗ ಪಾಂಡವಪುರದ ಕಡೆಯಿಂದ ಬಂದರೆ, ರಾಮಾನುಜಾಚಾರ್ಯರ ಹೆಸರಿನೊಂದಿಗೆ ಬೆಸೆದುಕೊಂಡಿರುವ ತೊಣ್ಣೂರು ಕೆರೆಯ ಏರಿಯ ಮೇಲೆ ಸ್ವಲ್ಪ ಹೊತ್ತು ಕೂರಬಹುದು. ಪುಳಿಯೋಗರೆಯ ಪೊಟ್ಟಣವನ್ನು ಮೇಲುಕೋಟೆಯಲ್ಲೇ ಕಟ್ಟಿಸಿಕೊಂಡಿದ್ದರೆ ಅಲ್ಲಿಯೇ ಬಿಚ್ಚಬಹುದು, ಎಲೆಯನ್ನೂ ಕಾಗದವನ್ನೂ ಮರಳಿ ಚೀಲಕ್ಕೆ ಹಾಕಿಕೊಳ್ಳುವುದಾದರೆ.